ಒತ್ತಕ್ಷರ ಕಳಚಿ ಬಿದ್ದರೆ ತಪ್ಪು ಕನ್ನಡದ್ದಲ್ಲ

ನವೆಂಬರ್ ಹತ್ತಿರ ಬರ್ತಿದ್ದ ಹಾಗೆ ಕ್ಯಾಂಪಸ್ಸಿನ ನೋಟಿಸ್ ಬೋರ್ಡುಗಳಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಿಚಿತ್ರ ಹಬ್ಬ ಶುರುವಾಗುತ್ತೆ. ಅದರ ಹೆಸರು 'ರಾಜ್‌ಯೋತ್‌ಸವ'. ಜ ಒಂದು ಕಡೆ, ಯ ಇನ್ನೊಂದು ಕಡೆ, ನಡುವೆ ಅರ್ಧಾಕ್ಷರದ ಕೊಂಬು ನೆಟ್ಟಗೆ ನಿಂತಿರುತ್ತೆ. ಪೋಸ್ಟರಿನ ಹಿಂದೆ ಕೆಂಪು ಹಳದಿ ಬಾವುಟ ಎಷ್ಟು ಚಂದ ಹಾರ್ತಿದ್ರೇನು, ಮುಂದಿರೋ ಅಕ್ಷರಗಳು ಅಪಘಾತ ಆದ ಹಾಗಿರುತ್ತವೆ. ಇಂಗ್ಲಿಷಿನಲ್ಲಿ ಒಂದು ಸ್ಪೆಲಿಂಗ್ ತಪ್ಪಿದ್ರೆ ಅರ್ಧ ಗಂಟೆಯಲ್ಲಿ ಹೊಸ ಪೋಸ್ಟರ್ ಬರುತ್ತೆ. ಕನ್ನಡ ಒಡೆದು ಹೋದ್ರೆ ಮಾತ್ರ ಸಿಗೋ ಉತ್ತರ ಒಂದೇ: "ಫೋಟೋಶಾಪಲ್ಲಿ ಕನ್ನಡ ಸರಿಯಾಗಿ ಬರಲ್ಲ ಮಗಾ, ಅಡ್ಜಸ್ಟ್ ಮಾಡ್ಕೋ."

ಈ ಮಾತು ಸುಳ್ಳು. ಸುಳ್ಳು ಅನ್ನೋದಕ್ಕಿಂತ ಹಳಸಿದ್ದು ಅನ್ನಬಹುದು. ಒಂದು ಕಾಲಕ್ಕೆ ನಿಜವಾಗಿತ್ತು, ಈಗಲ್ಲ. ಆದರೆ ಸೀನಿಯರ್ ಬಾಯಿಂದ ಜೂನಿಯರ್ ಕಿವಿಗೆ ಲ್ಯಾಬ್ ರೆಕಾರ್ಡ್ ಥರ ಕಾಪಿ ಆಗ್ತಾ ಬಂದು ಇವತ್ತಿಗೂ ಉಳಿದಿದೆ. ಇದರ ಪರಿಣಾಮ ಬರೀ ಕೆಟ್ಟ ಪೋಸ್ಟರ್ ಅಲ್ಲ. ಒಡೆದ ಕನ್ನಡ ಹಾಕೋಕೆ ಮನಸ್ಸು ಬರದ ಒಳ್ಳೆ ಡಿಸೈನರುಗಳು ಕನ್ನಡದ ಶೀರ್ಷಿಕೆಯನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದು ಬಿಡ್ತಾರೆ. ಫೆಸ್ಟ್ ಹೆಸರು ಕನ್ನಡ, ಅಕ್ಷರ ಇಂಗ್ಲಿಷ್. ಕೇಳಿದ್ರೆ "ನೀಟಾಗಿ ಕಾಣುತ್ತೆ" ಅಂತಾರೆ. ಸಾಫ್ಟ್‌ವೇರಿನ ಒಂದು ಸೆಟ್ಟಿಂಗ್ ಗೊತ್ತಿಲ್ಲ ಅನ್ನೋ ಕಾರಣಕ್ಕೆ ಲಿಪಿಯನ್ನೇ ಬಿಟ್ಟುಕೊಡೋದು ದುಬಾರಿ ವ್ಯಾಪಾರ.

ಕೋಡ್ ಓಡದಿದ್ರೆ ನಾವು ಎರರ್ ಮೆಸೇಜ್ ಓದ್ತೀವಿ ಅಲ್ವಾ? ಕನ್ನಡ ಅಕ್ಷರ ಕೂಡ ಕೆಟ್ಟಾಗ ತನ್ನ ರೋಗ ಏನು ಅಂತ ಹೇಳುತ್ತೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬಂದ್ರೆ, ನೀವು ಆರಿಸಿದ ಫಾಂಟಿನಲ್ಲಿ ಕನ್ನಡವೇ ಇಲ್ಲ ಅಂತ ಅರ್ಥ. ಫಾಂಟ್ ಬದಲಿಸಿ, ಮುಗೀತು. ರೋಮನ್ ಅಕ್ಷರಗಳು, ಅವುಗಳ ತಲೆ ಮೇಲೆ ಚುಕ್ಕೆ, ಗೆರೆ, ಪೌಂಡ್ ಚಿಹ್ನೆ ಎಲ್ಲ ಕಲಸಿದ ಚಿತ್ರಾನ್ನ ಬಂದ್ರೆ, ಅದು ನುಡಿ ಅಥವಾ ಬರಹದ ಹಳೆಯ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಿದ ಪಠ್ಯ. ಅಲ್ಲಿ ಕನ್ನಡದ ಆಕಾರಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರ್ತಾರೆ. ಆ ಫಾಂಟ್ ತೆಗೆದ ತಕ್ಷಣ ವೇಷ ಕಳಚುತ್ತೆ. ಇದಕ್ಕೆ ಯೂನಿಕೋಡ್ ಪರಿವರ್ತಕಗಳಿವೆ, ಒಂದು ಸಲ ಹಾಯಿಸಿದ್ರೆ ಸಾಕು.

ಮೂರನೇ ರೋಗವೇ ನಮ್ಮ 'ರಾಜ್‌ಯೋತ್‌ಸವ'. ಇಲ್ಲಿ ಅಕ್ಷರಗಳೆಲ್ಲ ಸರಿಯಾಗಿವೆ, ಜೋಡಣೆ ಮಾತ್ರ ಆಗಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ 128 ಸ್ಥಾನಗಳ ಜಾಗ ಇದೆ. ಆದ್ರೆ ಅಲ್ಲಿ ಒತ್ತಕ್ಷರಗಳಿಗೆ ಬೇರೆ ಸ್ಥಾನ ಅಂತ ಇಲ್ಲ. 'ಜ್ಯ' ಅಂದ್ರೆ ಜ, ಆಮೇಲೆ ವಿರಾಮ ಚಿಹ್ನೆ, ಆಮೇಲೆ ಯ. ಈ ಮೂರನ್ನ ನೋಡಿ, ಫಾಂಟಿನೊಳಗಿರೋ ನಿಯಮಗಳನ್ನ ಓದಿ, ಯ-ವನ್ನ ಒತ್ತಾಗಿ ಕೂರಿಸೋ ಕೆಲಸ ಸಾಫ್ಟ್‌ವೇರಿನ ಟೆಕ್ಸ್ಟ್ ಎಂಜಿನ್‌ದು. ಇಂಗ್ಲಿಷಿಗೆ ಈ ಕೆಲಸ ಬೇಕಾಗೋದು ತೀರಾ ಕಡಿಮೆ. ಹಾಗಾಗಿ ಇಂಗ್ಲಿಷ್ ಮನಸ್ಸಲ್ಲಿಟ್ಟು ಹೊಂದಿಸಿದ ಫೋಟೋಶಾಪ್ ಈ ಕೆಲಸವನ್ನ ಮಾಡೋದೇ ಇಲ್ಲ. ಮಾಡೋಕೆ ಬರಲ್ಲ ಅಂತಲ್ಲ, ಮಾಡು ಅಂತ ಹೇಳಿರಲ್ಲ ಅಷ್ಟೇ.

ಹೇಳೋದು ಹೇಗೆ? ಪ್ರಿಫರೆನ್ಸಸ್ ತೆಗೆದು 'ಟೈಪ್' ಪುಟಕ್ಕೆ ಹೋಗಿ. ಟೆಕ್ಸ್ಟ್ ಎಂಜಿನ್ ಆಯ್ಕೆಯಲ್ಲಿ 'ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಅಂತ ಇರುತ್ತೆ. ಅದನ್ನ ಆರಿಸಿ ಫೋಟೋಶಾಪ್ ಮುಚ್ಚಿ ಮತ್ತೆ ತೆಗೀರಿ. ತುಂಬಾ ಜನ ಇಲ್ಲಿಗೇ ನಿಲ್ಲಿಸಿ, ಹಳೇ ಫೈಲ್ ತೆಗೆದು "ನೋಡು, ಆಗ್ಲಿಲ್ಲ" ಅಂತಾರೆ. ಮೊದಲೇ ಟೈಪ್ ಮಾಡಿದ್ದ ಲೇಯರ್ ಹಳೇ ಎಂಜಿನ್ನಿಗೇ ಅಂಟಿಕೊಂಡಿರುತ್ತೆ. ಆ ಲೇಯರ್ ಆರಿಸಿ, ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯಲ್ಲಿರೋ ಮೆನುವಿನಿಂದ 'ವರ್ಲ್ಡ್-ರೆಡಿ ಲೇಔಟ್' ಹಾಕಬೇಕು. ಒತ್ತು ತಕ್ಷಣ ತನ್ನ ಜಾಗಕ್ಕೆ ಹೋಗಿ ಕೂರುತ್ತೆ. ಹೊಸ ಆವೃತ್ತಿಗಳಲ್ಲಿ ಮೆನು ಸ್ವಲ್ಪ ಆಚೀಚೆ ಆಗಿದೆ, 'ವರ್ಲ್ಡ್-ರೆಡಿ' ಅನ್ನೋ ಪದ ಹುಡುಕಿ. ಇಲ್ಲಸ್ಟ್ರೇಟರ್‌ನಲ್ಲಿ ಇದೇ ಟೈಪ್ ಪುಟದಲ್ಲಿ 'ಶೋ ಇಂಡಿಕ್ ಆಪ್ಶನ್ಸ್'ಗೆ ಟಿಕ್ ಹಾಕಬೇಕು. ಎರಡು ನಿಮಿಷದ ಕೆಲಸ.

ಇಷ್ಟು ಮಾಡಿದ ಮೇಲೂ ಆಗದೇ ಇರೋರು ಬಹುತೇಕ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಾರಿ ಬಂದ ಯಾವುದೋ ಹಳೇ 'ಪೋರ್ಟಬಲ್' ಆವೃತ್ತಿ ಇಟ್ಟುಕೊಂಡಿರ್ತಾರೆ. ಕಳ್ಳ ಕಾಪಿಯ ನೈತಿಕತೆ ಬಗ್ಗೆ ನಾನು ಪ್ರವಚನ ಕೊಡಲ್ಲ, ಹಾಸ್ಟೆಲಲ್ಲಿ ಆ ಪ್ರವಚನ ಕೇಳೋರೂ ಇಲ್ಲ. ಆದರೆ ಲೆಕ್ಕ ನೋಡಿ: ಅಪ್‌ಡೇಟ್ ಇಲ್ಲ, ಆಂಟಿವೈರಸ್ ಆಫ್ ಮಾಡಬೇಕು, ಇಷ್ಟೆಲ್ಲ ಮಾಡಿದ್ರೂ ಅದರಲ್ಲಿ ಕನ್ನಡ ಬರಲ್ಲ. ಮತ್ತೆ ಯಾಕೆ?

ನನ್ನ ಅಭಿಪ್ರಾಯದಲ್ಲಿ ಕನ್ನಡ ಪೋಸ್ಟರ್ ಮಾಡೋ ವಿದ್ಯಾರ್ಥಿಗೆ ಗಿಂಪ್ ಮತ್ತು ಇಂಕ್‌ಸ್ಕೇಪ್ ಸಾಕು. ಗಿಂಪ್ ಹುಟ್ಟಿದ್ದೇ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿ, 1990ರ ದಶಕದ ನಡುವೆ. ಅಕ್ಷರ ಜೋಡಿಸೋಕೆ ಅದು ಪ್ಯಾಂಗೋ ಮತ್ತು ಹಾರ್ಫ್‌ಬಜ್ ಅನ್ನೋ ಲೈಬ್ರರಿಗಳನ್ನ ಬಳಸುತ್ತೆ. ಹಾಗಾಗಿ ಯಾವ ಸೆಟ್ಟಿಂಗೂ ಮುಟ್ಟದೆ ಒತ್ತಕ್ಷರ ಸರಿಯಾಗಿ ಬರುತ್ತೆ. ಇನ್‌ಸ್ಟಾಲ್ ಮಾಡಿ, ಯೂನಿಕೋಡಿನಲ್ಲಿ ಟೈಪ್ ಮಾಡಿ, ಅಷ್ಟೇ. ಗಿಂಪ್ ಮೇಲೆ ದೂರುಗಳಿಲ್ವಾ? ಇವೆ. 'ಸೇವ್' ಒತ್ತಿದ್ರೆ ಅದರದೇ ಎಕ್ಸ್‌ಸಿಎಫ್ ಫೈಲ್ ಮಾತ್ರ ಆಗೋದು, ಜೆಪೆಗ್ ಬೇಕಂದ್ರೆ 'ಎಕ್ಸ್‌ಪೋರ್ಟ್' ಅಂತ ಬೇರೆ ಹೋಗಬೇಕು. ಮೊದಲ ದಿನ ಎಲ್ಲರೂ ಬೈತಾರೆ. ಟೆಕ್ಸ್ಟ್ ದೊಡ್ಡದು ಮಾಡೋಕೆ ಸ್ಕೇಲ್ ಟೂಲ್ ಹಿಡಿದು ಎಳೆದ್ರೆ ಅಕ್ಷರ ಮಸುಕಾಗುತ್ತೆ. ಟೆಕ್ಸ್ಟ್ ಟೂಲಿನ ಸೈಜ್ ಡಬ್ಬಿಯಲ್ಲೇ ಅಂಕಿ ಬದಲಿಸಬೇಕು. 2018ರಲ್ಲಿ ಬಂದ 2.10 ಆವೃತ್ತಿಯನ್ನ ನೋಡಿ ಬೇಜಾರಾಗಿ ಬಿಟ್ಟವರು 2025ರ 3.0 ಒಮ್ಮೆ ನೋಡಿ. ಫಿಲ್ಟರ್ ಹಾಕಿದ ಮೇಲೂ ಹಿಂದೆ ಹೋಗಿ ತಿದ್ದಬಹುದು.

"ಯೂನಿಕೋಡಿನಲ್ಲಿ ಚಂದದ ಫಾಂಟೇ ಇಲ್ಲ" ಅನ್ನೋದು ನುಡಿ ಪಕ್ಷದವರ ಹಳೇ ವಾದ. ವಿಂಡೋಸಿನ ತುಂಗಾ ಬಿಟ್ರೆ ಗತಿಯಿಲ್ಲ ಅನ್ನೋ ದಿನಗಳಲ್ಲಿ ಅದಕ್ಕೆ ತೂಕ ಇತ್ತು. ಈಗ ಗೂಗಲ್ ಫಾಂಟ್ಸ್‌ಗೆ ಹೋಗಿ ಕನ್ನಡ ಅಂತ ಆರಿಸಿ ನೋಡಿ. ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ, ತೆಳುವಿನಿಂದ ದಪ್ಪದವರೆಗೆ ಹಲವು ಮೈಕಟ್ಟಿನಲ್ಲಿ ಸಿಗೋ ಅನೇಕ್ ಕನ್ನಡ, ಪುಸ್ತಕದ ಗಾಂಭೀರ್ಯ ಬೇಕಂದ್ರೆ ತಿರೋ ಕನ್ನಡ ಅಥವಾ ನೋಟೋ ಸೆರಿಫ್, ಸ್ವಲ್ಪ ತುಂಟತನಕ್ಕೆ ಅಕಾಯ ಕನಡಕ. ಎಲ್ಲ ಉಚಿತ, ಲೈಸೆನ್ಸ್ ತಂಟೆಯೂ ಇಲ್ಲ. ಆದರೂ ಕೈಬರಹದ ಜೀವ ಬೇಕು ಅನ್ನಿಸಿದ್ರೆ ಅದಕ್ಕೆ ಫಾಂಟ್ ಹುಡುಕಲೇಬೇಡಿ. ಚೆನ್ನಾಗಿ ಬರೆಯೋರು ಪ್ರತಿ ಸೆಕ್ಷನ್ನಿನಲ್ಲೂ ಒಬ್ಬರಾದ್ರೂ ಇರ್ತಾರೆ. ಬಿಳಿ ಹಾಳೆ ಮೇಲೆ ಕಪ್ಪು ಮಾರ್ಕರಿನಲ್ಲಿ ಅವರಿಂದ ಬರೆಸಿ, ಕಿಟಕಿ ಬೆಳಕಿನಲ್ಲಿ ಫೋಟೋ ತೆಗೀರಿ. 'ಲೆವೆಲ್ಸ್'ನಲ್ಲಿ ಬಲಗಡೆಯ ಕಡ್ಡಿಯನ್ನ ಒಳಗೆ ಎಳೆದ್ರೆ ಹಾಳೆಯ ನೆರಳೆಲ್ಲ ಬೆಳ್ಳಗಾಗುತ್ತೆ, ಎಡಗಡೆಯದನ್ನ ಎಳೆದ್ರೆ ಶಾಯಿ ಕಪ್ಪಾಗುತ್ತೆ. ಆಮೇಲೆ ಲೇಯರಿನ ಮೋಡ್ 'ಮಲ್ಟಿಪ್ಲೈ' ಮಾಡಿ. ಬಿಳಿ ಮಾಯವಾಗಿ ಅಕ್ಷರ ಮಾತ್ರ ಚಿತ್ರದ ಮೇಲೆ ಉಳಿಯುತ್ತೆ. ಯಾವ ಫಾಂಟೂ ಇದಕ್ಕೆ ಸಾಟಿಯಿಲ್ಲ.

ಎಂಜಿನ್ ಸರಿಯಾದ ಮೇಲೂ ಕೆಲವು ಕಡೆ ಕೈ ಸುಡುತ್ತೆ. ಇಂಗ್ಲಿಷ್ ಪೋಸ್ಟರಿನ ಹಾಗೆ ಅಕ್ಷರಗಳ ನಡುವೆ ಜಾಗ ಬಿಡೋ ಚಪಲ ಬೇಡ. ಟ್ರ್ಯಾಕಿಂಗ್ ಹೆಚ್ಚಿಸಿದ್ರೆ ಒತ್ತು ತನ್ನ ಅಕ್ಷರ ಬಿಟ್ಟು ದೂರ ಸರಿಯಬಹುದು. ಸಾಲುಗಳ ನಡುವೆ ಮಾತ್ರ ಧಾರಾಳವಾಗಿ ಜಾಗ ಬಿಡಿ. ಕನ್ನಡಕ್ಕೆ ಕೆಳಗೂ ಒಂದು ಮನೆಯಿದೆ, ಒತ್ತುಗಳೆಲ್ಲ ಅಲ್ಲೇ ವಾಸ. ಇನ್ನು 'ರ‍್ಯಾಂಕ್' ಅಂತ ಬರೆಯೋಕೆ ಹೋದ್ರೆ 'ರ್ಯಾಂಕ್' ಅಂತ ಅರ್ಕಾವತ್ತು ಬಂದು ಕೂರುತ್ತೆ. ಇದು ಸಾಫ್ಟ್‌ವೇರಿನ ದೋಷ ಅಲ್ಲ, ಟೈಪಿಂಗಿನದು. ರ ಆದ ಮೇಲೆ, ವಿರಾಮ ಚಿಹ್ನೆಗೆ ಮುಂಚೆ, ಕಣ್ಣಿಗೆ ಕಾಣದ ಒಂದು 'ಜೋಡಕ' ಅಕ್ಷರ ಹಾಕಬೇಕು. 'ಸಾಫ್ಟ್‌ವೇರ್' ಅಂತ ಬಿಡಿಸಿ ಬರೆಯೋಕೆ ಇದರ ತಮ್ಮ, 'ಬಿಡಿಸುವ' ಅಕ್ಷರ ಬೇಕು. ನೀವು ಬಳಸೋ ಕೀಲಿಮಣೆಯ ಸಹಾಯಪುಟದಲ್ಲಿ ಅದಕ್ಕೆ ಯಾವ ಕೀ ಅಂತ ಒಮ್ಮೆ ನೋಡಿಕೊಂಡ್ರೆ ಜೀವನಪೂರ್ತಿ ಆಯ್ತು.

ಈಗ ಹೊಸ ಕಾಟವೊಂದು ಸೇರಿಕೊಂಡಿದೆ. ಎಐ ಚಿತ್ರ ತಯಾರಕರಿಗೆ "ಕನ್ನಡ ಪೋಸ್ಟರ್ ಮಾಡು" ಅಂದ್ರೆ ಹಲವು ಸಲ ಕನ್ನಡದ ಹಾಗೆ ಕಾಣೋ, ಆದರೆ ಯಾವ ಭಾಷೆಯೂ ಅಲ್ಲದ ಜಿಲೇಬಿಗಳು ಬರ್ತವೆ. ಅದನ್ನ ಹಾಗೇ ಸ್ಟೇಟಸ್ಸಿಗೆ ಹಾಕೋರನ್ನ ನೋಡಿದ್ರೆ, ಓದೋರು ಯಾರೂ ಇಲ್ಲ ಅಂತ ಇವರೇ ತೀರ್ಮಾನ ಮಾಡಿದ ಹಾಗಿದೆ. ಹಿನ್ನೆಲೆ ಚಿತ್ರ ಬೇಕಾದ್ರೆ ಅದರಿಂದ ಮಾಡಿಸಿಕೊಳ್ಳಿ, "ಅಕ್ಷರ ಹಾಕಬೇಡ" ಅಂತ ಹೇಳಿ. ಅಕ್ಷರ ನೀವೇ ಕೂರಿಸಿ.

ಪೋಸ್ಟರ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಚಂದ ಕಂಡ ಮಾತ್ರಕ್ಕೆ ಗೆದ್ದ ಹಾಗಲ್ಲ, ಫ್ಲೆಕ್ಸ್ ಅಂಗಡಿ ಬಾಕಿ ಇದೆ. ಅಲ್ಲಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಲ್ಲ. ಪಿಎಸ್‌ಡಿ ಫೈಲ್ ಕೊಟ್ರೆ ಒತ್ತು ಮತ್ತೆ ಕಳಚುತ್ತೆ, ಅಂಗಡಿಯವರು "ನುಡೀಲಿ ಟೈಪ್ ಮಾಡ್ಲಾ?" ಅಂತಾರೆ. ಅದಕ್ಕೆ ಅವಕಾಶವೇ ಕೊಡಬೇಡಿ. ಇಂಕ್‌ಸ್ಕೇಪ್ ಅಥವಾ ಇಲ್ಲಸ್ಟ್ರೇಟರಿನಲ್ಲಿ ಅಕ್ಷರಗಳನ್ನ 'ಪಾತ್' ಅಥವಾ 'ಔಟ್‌ಲೈನ್' ಮಾಡಿ ಪಿಡಿಎಫ್ ಕೊಡಿ. ತಿದ್ದೋಕೆ ಬರೋ ಮೂಲ ಫೈಲ್ ಬೇರೆ ಇಟ್ಟುಕೊಂಡಿರಿ. ಗಿಂಪ್ ಆದ್ರೆ ಪೂರ್ತಿ ಅಳತೆಯ ಚಿತ್ರ ಎಕ್ಸ್‌ಪೋರ್ಟ್ ಮಾಡಿ. ಎ3 ಪೋಸ್ಟರಿಗೆ ಇಂಚಿಗೆ 300 ಚುಕ್ಕೆ ಅಂದ್ರೆ 3508 × 4961 ಪಿಕ್ಸೆಲ್. 6 × 3 ಅಡಿ ಬ್ಯಾನರನ್ನ ದೂರದಿಂದ ನೋಡೋದ್ರಿಂದ ಇಂಚಿಗೆ 72 ಇದ್ರೂ ನಡೆಯುತ್ತೆ, ಅಂದ್ರೆ 5184 × 2592. ವಾಟ್ಸಾಪಿನಲ್ಲಿ ಕಳಿಸೋದಾದ್ರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾಂದ್ರೆ ಅದು ಕುಗ್ಗಿಸಿ ಬಿಡುತ್ತೆ. ಪ್ರಿಂಟಿಗೆ ಹೋಗೋ ಮುಂಚೆ ಡಿಸೈನ್ ಮಾಡಿದವರಲ್ಲದ ಇನ್ನೊಬ್ಬರನ್ನ ಕೂರಿಸಿ, ಅತಿಥಿಗಳ ಹೆಸರಿಂದ ಹಿಡಿದು 'ಕಾರ್ಯಕ್ರಮ' ಅನ್ನೋ ಪದದವರೆಗೆ ಗಟ್ಟಿಯಾಗಿ ಓದಿಸಿ. ಆ ಒಂದೇ ಪದದಲ್ಲಿ ಅರ್ಕಾವತ್ತೂ ಇದೆ, ರ-ಒತ್ತೂ ಇದೆ. ಅದು ಸರಿಯಿದ್ರೆ ಉಳಿದದ್ದು ಬಹುತೇಕ ಸರಿಯಿರುತ್ತೆ.