ಸರಿಜೋಡಿ ಉಣ್ಣೆಯ ಸೋಗು

ಕಡಲೆಕಾಯಿ ಪರಿಷೆ ಮುಗಿದು ಅವರೆಕಾಯಿ ಬೀದಿಗೆ ಬಂದಿತೆಂದರೆ ಬೆಂಗಳೂರಿಗೆ ಚಳಿಗಾಲ ಬಂತೆಂದು ನಂಬುವವರ ಪೈಕಿ ನಾನೊಬ್ಬ. ಈಗ ಈ ಲೆಕ್ಕ ನಡೆಯುವುದಿಲ್ಲ. ದೀಪಾವಳಿಯ ಪಟಾಕಿಯ ಹೊಗೆ ಆರುವ ಮೊದಲೇ ಬಟ್ಟೆಯಂಗಡಿಗಳ ಗಾಜಿನ ಹಿಂದೆ ಚಳಿಗಾಲ ಬಂದು ನಿಂತಿರುತ್ತದೆ. ಗೊಂಬೆಯ ಮೈಮೇಲೆ ಕುತ್ತಿಗೆಯವರೆಗೆ ಮುಚ್ಚುವ ದಪ್ಪ ಹೆಣಿಗೆಯ ಮೇಲಂಗಿ. ಅದೇ ಬಣ್ಣದ, ಅದೇ ಹೆಣಿಗೆಯ ಷರಾಯಿ. ಅದೇ ಬಣ್ಣದ ಟೋಪಿ, ಮಫ್ಲರು. ಪಕ್ಕದಲ್ಲಿ ಗಂಡು ಗೊಂಬೆ, ಅದರ ಪಕ್ಕದಲ್ಲಿ ಮಗು ಗೊಂಬೆ, ಅವಕ್ಕೂ ಅದೇ. ಇದಕ್ಕೆ 'ಮ್ಯಾಚಿಂಗ್ ಉಲ್ಲನ್ ಸೆಟ್' ಎಂದು ಹೆಸರು. ಗಾಜಿನ ಈಚೆ ಬಿಸಿಲಿನಲ್ಲಿ ನಿಂತು ನೋಡುವ ನಮಗೆ ಬೆವರು ಹರಿಯುತ್ತಿರುತ್ತದೆ.

ಬೆಡಗು ಬೇಡವೆನ್ನುವ ಸಂನ್ಯಾಸಿ ನಾನಲ್ಲ. ಒಳ್ಳೆಯ ಬಟ್ಟೆ ತೊಟ್ಟವರನ್ನು ಕಂಡರೆ ನನಗೂ ಸಂತೋಷವೇ. ಆದರೆ ಈ ಸರಿಜೋಡಿ ಸೆಟ್ಟನ್ನು ಚಳಿಗಾಲದ ಠೀವಿಯೆಂದು ನಮ್ಮ ತಲೆಗೆ ಕಟ್ಟುತ್ತಿರುವ ರೀತಿ ಇದೆಯಲ್ಲ, ಅದನ್ನು ಸುಮ್ಮನೆ ನೋಡಿಕೊಂಡಿರಲು ನನ್ನಿಂದಾಗದು. ಅದು ನಮ್ಮ ಚಳಿಗೆ ತಕ್ಕದ್ದಲ್ಲ. ಬಹುಪಾಲು ಉಣ್ಣೆಯೂ ಅಲ್ಲ. ಇಲ್ಲದ ಚಳಿಗೆ ಅಲ್ಲದ ಉಣ್ಣೆಯನ್ನು ಜೋಡಿ ಜೋಡಿಯಾಗಿ ಕೊಳ್ಳುವ ಈ ಹುಚ್ಚಿಗೆ ಯಾರಾದರೂ ಹೆಸರಿಡಬೇಕಷ್ಟೆ.

ಮೊದಲು ಚಳಿಯ ಮಾತು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಗಳ ಬೆಳಗಿನ ಜಾವ ಉಷ್ಣಮಾನ ಸಾಧಾರಣವಾಗಿ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುತ್ತದೆ; ಮಧ್ಯಾಹ್ನಕ್ಕೆ 27ರ ಸುತ್ತಮುತ್ತ ಏರುತ್ತದೆ. ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಮಾನ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಅಂದು ನಡುಗಿದವರೆಲ್ಲ ಎಂದೋ ಸಂದುಹೋದರು. ಅವರ ಚಳಿಗೆ ನಾವೇಕೆ ಇಂದು ಬಟ್ಟೆ ಹೊಲಿಸಬೇಕು? ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹನ್ನೆರಡು ಡಿಗ್ರಿ ಅಂತರವಿರುವ ಊರಿನಲ್ಲಿ ಉಡುಪಿನ ಜಾಣತನವೆಲ್ಲ ತೊಡುವುದರಲ್ಲಿಲ್ಲ, ತೆಗೆಯುವುದರಲ್ಲಿದೆ. ಹೊತ್ತು ಏರಿದ ಹಾಗೆ ಒಂದೊಂದಾಗಿ ಕಳಚಿ ಕೈಮೇಲೆ ಹಾಕಿಕೊಳ್ಳಲು ಬರಬೇಕು. ಸರಿಜೋಡಿ ಸೆಟ್ಟು ಕಳಚಲು ಬರುವುದಿಲ್ಲ. ಮೇಲಂಗಿ ತೆಗೆದರೆ ಒಳಗೆ ಬನಿಯನ್ನು; ಷರಾಯಿಯ ಮಾತಂತೂ ಆಡುವಂತೆಯೇ ಇಲ್ಲ.

ಜನವರಿಯ ಭಾನುವಾರ ನಂದಿಬೆಟ್ಟಕ್ಕೆ ಹೋದವರು ಇದನ್ನು ಕಣ್ಣಾರೆ ನೋಡಬಹುದು. ಬೆಳಗಿನ ಆರೂವರೆಗೆ ಮಂಜಿನಲ್ಲಿ ತಂದೆ, ತಾಯಿ, ಎರಡು ಮಕ್ಕಳು ಒಂದೇ ದ್ರಾಕ್ಷಿ ಬಣ್ಣದ ಸೆಟ್ಟಿನಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಚೆನ್ನಾಗಿಯೇ ಕಾಣುತ್ತದೆ, ಬ್ಯಾಂಡ್ ಸೆಟ್ಟಿನವರು ಮದುವೆಮನೆಯ ಮುಂದೆ ನಿಂತಂತೆ. ಒಂಬತ್ತೂವರೆಗೆ ಮಂಜು ಹರಿದು ಬಿಸಿಲು ಬೀಳುತ್ತದೆ. ಯಜಮಾನರ ಮುಖ ಬದನೆಕಾಯಿಯಾಗುತ್ತದೆ. ದೊಡ್ಡ ಮಗು ಕುತ್ತಿಗೆ ಕೆರೆದುಕೊಳ್ಳುತ್ತದೆ, ಚಿಕ್ಕದು ಅಳುತ್ತದೆ. ತಾಯಿ, "ಇನ್ನೊಂದೇ ಒಂದು ಫೋಟೋ, ನನ್ನ ಚಿನ್ನ, ಆಮೇಲೆ ತೆಗೀತೀನಿ" ಎಂದು ಸಮಾಧಾನ ಹೇಳುತ್ತಾಳೆ. ಆದರೆ ತೆಗೆದು ಹಾಕುವುದೇನನ್ನು? ಬೇರೆ ಬಟ್ಟೆ ತಂದಿಲ್ಲ. ತಂದಿದ್ದರೆ ಅದು ಮ್ಯಾಚ್ ಆಗುವುದಿಲ್ಲ.

ಇದಕ್ಕಿಂತ ಮಲ್ಲೇಶ್ವರ, ಬಸವನಗುಡಿಗಳ ನಮ್ಮ ಹಿರಿಯರು ಎಷ್ಟೋ ಮೇಲು. ಬಿಳಿ ಪಂಚೆ, ಅದರ ಮೇಲೆ ಕಂದು ಸ್ವೆಟರು, ಹಸಿರು ಮಫ್ಲರು, ತಲೆಗೆ ಬೂದು ಬಣ್ಣದ ಮಂಕಿ ಕ್ಯಾಪು, ಕಾಲಿಗೆ ಕ್ಯಾನ್‌ವಾಸ್ ಷೂಸು. ಒಂದಕ್ಕೊಂದು ಸಂಬಂಧವಿಲ್ಲ. ಮೊಮ್ಮಕ್ಕಳು ನಗುತ್ತಾರೆ. ಆದರೆ ಚಳಿ ಎಲ್ಲಿಂದ ಒಳಗೆ ನುಗ್ಗುತ್ತದೆ ಎಂಬುದನ್ನು ಆ ಹಿರಿಯರು ಬಲ್ಲರು. ಕಿವಿ, ಕುತ್ತಿಗೆ, ಎದೆ ಮೂರನ್ನು ಮುಚ್ಚಿ, ಮಿಕ್ಕದ್ದನ್ನು ಗಾಳಿಗೆ ಬಿಟ್ಟಿದ್ದಾರೆ. ಲಾಲ್‌ಬಾಗಿನ ಎರಡನೆಯ ಸುತ್ತಿಗೆ ಕ್ಯಾಪು ಕಂಕುಳಿಗೆ ಬರುತ್ತದೆ. ಮೂರನೆಯದಕ್ಕೆ ಮಫ್ಲರು ಕೈಗೆ ಬರುತ್ತದೆ. ಹೋಟೆಲಿನ ಕಾಫಿಯ ಹೊತ್ತಿಗೆ ಸ್ವೆಟರಿನ ಗುಂಡಿ ಬಿಚ್ಚಿರುತ್ತದೆ. ಉಡುಪು ಮನುಷ್ಯನ ಮಾತು ಕೇಳುವುದೆಂದರೆ ಹೀಗೆ.

ಸರಿಜೋಡಿ ಎಂಬುದು ಅದು ಬೆಳೆದ ನಾಡಿನಲ್ಲಿ ಇಷ್ಟು ದಡ್ಡತನದ್ದಾಗಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಸ್ಕಾಟ್‌ಲೆಂಡಿನ ಹಾವಿಕ್ ಎಂಬ ಊರಿನಲ್ಲಿ ಪ್ರಿಂಗಲ್ ಎಂಬ ಹೆಣಿಗೆಯ ಕಂಪನಿಯಿತ್ತು. 1930ರ ದಶಕದಲ್ಲಿ ಅಲ್ಲಿ ವಿನ್ಯಾಸಗಾರನಾಗಿದ್ದ ಆಟೋ ವೈಸ್ ಎಂಬಾತ 'ಟ್ವಿನ್ ಸೆಟ್' ಎಂಬುದಕ್ಕೆ ಹೆಸರು ತಂದುಕೊಟ್ಟ. ತೆಳು ಉಣ್ಣೆಯ ಒಳಕುಪ್ಪಸ. ಅದರ ಮೇಲೆ ಅದೇ ಬಣ್ಣದ, ಮುಂದೆ ಗುಂಡಿಯಿರುವ ಕಾರ್ಡಿಗನ್. ಥಂಡಿ ಹಿಡಿದ ಮನೆಯಲ್ಲಿ ಎರಡೂ ಇರಲಿ; ಅಗ್ಗಿಷ್ಟಿಕೆಯ ಮುಂದೆ ಕುಳಿತಾಗ ಮೇಲಿನದನ್ನು ತೆಗೆದಿಡಲಿ; ತೆಗೆದರೂ ಉಡುಪು ಪೂರ್ತಿಯಾಗಿಯೇ ಇರಲಿ ಎಂಬುದು ಅದರ ಮರ್ಮ. ಒಂದು ಹೋದರೂ ಇನ್ನೊಂದು ಸಲ್ಲುತ್ತದೆ ಎಂಬುದಕ್ಕಾಗಿಯೇ ಅಲ್ಲಿ ಬಣ್ಣ ಒಂದಾದದ್ದು. ನಮ್ಮ ಅಂಗಡಿಯ ಗೊಂಬೆಗೆ ತೊಡಿಸಿರುವುದು ಬಣ್ಣವನ್ನು ಇಟ್ಟುಕೊಂಡು ಮರ್ಮವನ್ನು ಬಿಟ್ಟ ಸೆಟ್ಟು.

ಅದಿರಲಿ, ಹೆಣಿಗೆಯ ಷರಾಯಿಯ ಗತಿಯೇನೆಂದು ಕೊಂಡವರನ್ನೇ ಕೇಳಿ. ನಾಲ್ಕು ಸಲ ತೊಡುವುದರೊಳಗೆ ಮೊಣಕಾಲಿನಲ್ಲಿ ಜೋಳಿಗೆ ಬೀಳುತ್ತದೆ. ಕೂರುವ ಕಡೆ ಗಂಟುಗಂಟಾಗಿ ನೂಲು ಏಳುತ್ತದೆ. ಮೇಲಂಗಿ ಇನ್ನೂ ಹೊಸದಾಗಿಯೇ ಇರುತ್ತದೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಬಂಡಿಯೇ ನಿಂತಂತೆ, ಷರಾಯಿ ಕೆಟ್ಟ ಮೇಲೆ ಮೇಲಂಗಿಯೂ ಬೀರುವಿನ ತಳ ಸೇರುತ್ತದೆ. ಏಕೆಂದರೆ ಅದನ್ನು ಬೇರೆಯದರ ಜೊತೆ ತೊಡಬಾರದೆಂದು ನಮಗೆ ಕಲಿಸಿಕೊಟ್ಟಿದ್ದಾರಲ್ಲ! ಒಂದು ಬಟ್ಟೆ ಕೆಟ್ಟರೆ ಎರಡು ಹೊಸದು ಮಾರುವ ಈ ವ್ಯಾಪಾರದ ಬುದ್ಧಿಗೆ ಮಾತ್ರ ತಲೆದೂಗಬೇಕು.

ಇನ್ನು ಉಣ್ಣೆಯ ಮಾತು. ಈಚೆಗೆ ಒಂದು ದೊಡ್ಡ ಅಂಗಡಿಯಲ್ಲಿ ಇಂಥದೊಂದು ಸೆಟ್ಟನ್ನು ಕೈಗೆತ್ತಿಕೊಂಡು, "ಏನಪ್ಪಾ, ಇದು ಉಣ್ಣೆಯೆ?" ಎಂದು ಕೇಳಿದೆ.

"ಪ್ಯೂರ್ ಉಲ್ಲನ್ ಸಾರ್. ಮುಟ್ಟಿ ನೋಡಿ, ಎಷ್ಟು ಸಾಫ್ಟು."

ಕುತ್ತಿಗೆಯ ಒಳಹೊಲಿಗೆಯಲ್ಲಿ ಒಂದು ಪುಟ್ಟ ಚೀಟಿ ಇರುತ್ತದೆ. ಕನ್ನಡಕ ಹಾಕಿಕೊಂಡು ಓದಿದೆ: ನೂರಕ್ಕೆ ನೂರು ಅಕ್ರಿಲಿಕ್. ತೋರಿಸಿದೆ.

"ಅದೇ ಸಾರ್, ಅಕ್ರಿಲಿಕ್ ಉಲ್ಲನ್ನು," ಎಂದ ಹುಡುಗ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಕಲಿಸಿದ್ದನ್ನು ಹೇಳಿದ. ಹತ್ತಿಯ ರೇಷ್ಮೆ, ಹಿತ್ತಾಳೆಯ ಬಂಗಾರ ಎಂದರೆ ನಗುತ್ತೇವೆ. ಅಕ್ರಿಲಿಕ್ ಉಲ್ಲನ್ ಎಂದರೆ ಜೇಬಿಗೆ ಕೈ ಹಾಕುತ್ತೇವೆ.

ಅಕ್ರಿಲಿಕ್ ಎಂಬುದು ಕುರಿಯ ಮುಖ ಕಂಡದ್ದಲ್ಲ. ಅಮೆರಿಕದ ಡ್ಯುಪಾಂಟ್ ಕಂಪನಿಯವರು 1941ರಲ್ಲಿ ಕಂಡುಹಿಡಿದ ಕೃತಕ ನೂಲು, ಮೂಲ ಪೆಟ್ರೋಲಿಯಂ. ಮುಂದೆ ಜಪಾನಿನವರ ಕ್ಯಾಶ್ಮಿಲಾನ್ ಎಂಬ ಹೆಸರಿನಲ್ಲಿ ಅದು ನಮ್ಮ ತಾಯಂದಿರ ಹೆಣಿಗೆಯ ಬುಟ್ಟಿಗೂ ಬಂತು. ಬಣ್ಣ ಚೆನ್ನ, ಬೆಲೆ ಕಡಿಮೆ, ನುಸಿ ಹಿಡಿಯುವುದಿಲ್ಲ, ಗುಣಗಳನ್ನು ಅಲ್ಲಗಳೆಯಲಾರೆ. ಆದರೆ ಉಣ್ಣೆಯ ಗುಣವೇ ಬೇರೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಅಕ್ರಿಲಿಕ್ ಹೀರುವುದು ಅತ್ಯಲ್ಪ, ಆದ್ದರಿಂದ ಬೆವರು ಮೈಮೇಲೆಯೇ ನಿಂತು ಮೊದಲು ಸೆಕೆ, ಆಮೇಲೆ ಥಂಡಿ. ಬೆಂಕಿ ತಾಗಿದರೆ ಉಣ್ಣೆ ಕಮರಿ ಆರುತ್ತದೆ. ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಮುಂದೆ ನಿಲ್ಲುವ ಹೆಂಗಸರು ಇದನ್ನು ನೆನಪಿಡುವುದು ಒಳ್ಳೆಯದು. ಅನುಮಾನವಿದ್ದವರು ಒಳಹೊಲಿಗೆಯಿಂದ ಒಂದೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಬಹುದು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಕರಿಮಣಿಯಂತಾದರೆ ಅಕ್ರಿಲಿಕ್.

ಇಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆಂದು ಬಲ್ಲೆ. "ಬಡವರು ಏನು ತೊಡಬೇಕು ಸ್ವಾಮಿ? ಅಸಲು ಉಣ್ಣೆ ಕೊಳ್ಳಲು ಎಲ್ಲರಿಗೂ ಆದೀತೆ?" ನ್ಯಾಯವಾದ ಪ್ರಶ್ನೆ. ಚಳಿಗಾಲದಲ್ಲಿ ಪಾದಚಾರಿ ದಾರಿಯ ಬದಿ ಟಿಬೆಟ್ಟಿನವರು ಗುಡಾರ ಹಾಕಿ, ಲೂಧಿಯಾನದ ಸ್ವೆಟರುಗಳನ್ನು ಮಾರುತ್ತಾರೆ. ಅಲ್ಲಿ ಕೂಲಿಯಾಳು ಮಗುವಿಗೊಂದು ಸ್ವೆಟರು ಕೊಂಡರೆ ಅದು ಅಕ್ರಿಲಿಕ್ಕಾದರೇನು? ಆ ಮಗುವಿಗೆ ಬೆಚ್ಚಗಾಯಿತಲ್ಲ, ಸಾಕು. ಅದರ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರು ಅದೇ ನೂಲನ್ನು ಗಾಜಿನ ಹಿಂದೆ ನಿಲ್ಲಿಸಿ, ಉಣ್ಣೆಯ ಹೆಸರಿಟ್ಟು, ಉಣ್ಣೆಯ ಬೆಲೆಗೆ, ಒಂದರ ಬದಲು ನಾಲ್ಕನ್ನು ಮಾರುವುದರ ಮೇಲೆ. ಎಣಿಸಿ ಸಂಬಳ ತರುವ ಮನೆಗಳಿಗೇ ಈ ಪೆಟ್ಟು. ಇಡೀ ಸಂಸಾರಕ್ಕೆ ಸೆಟ್ಟು ಕೊಂಡ ಹಣದಲ್ಲಿ ಹದಿನೈದು ವರ್ಷ ಬಾಳುವ ಅಸಲು ಉಣ್ಣೆಯ ಶಾಲೊಂದು ಬರುತ್ತಿತ್ತು.

ಈ ಪದದ ಮೋಸದಿಂದ ನಷ್ಟವಾಗಿರುವುದು ನಮ್ಮ ಜೇಬಿಗಷ್ಟೇ ಅಲ್ಲ. ಉಣ್ಣೆ ನಮಗೆ ಹೊರಗಿನದಲ್ಲ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಬೆಳಗಾವಿಯ ಬಯಲುಗಳಲ್ಲಿ ದಕ್ಖನಿ ಕುರಿ ಮೇಯುತ್ತದೆ. ವರ್ಷಕ್ಕೆ ಎರಡು ಸಲ ಅದರ ತುಪ್ಪಟ ಕತ್ತರಿಸುತ್ತಾರೆ. ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹಾಸಿಗೆ ಹುಣಸೆಬೀಜದ ಗಂಜಿ ಕೊಟ್ಟು, ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ಚಳ್ಳಕೆರೆಯ ಕಂಬಳಿಯ ಹೆಸರು ಕೇಳದವರು ಯಾರು? ಆ ಕರಿಬಣ್ಣ ಬಣ್ಣಗಾರನದಲ್ಲ, ಕುರಿಯದು. ಮಳೆಗೆ ಅದೇ ಕೊಪ್ಪೆ, ರಾತ್ರಿಗೆ ಅದೇ ಹಾಸಿಗೆ ಹೊದಿಕೆ, ನೆಂಟರು ಬಂದರೆ ಅದೇ ಜಮಖಾನ, ದೇವರು ಬಂದರೆ ಅದೇ ಗದ್ದುಗೆ. ಇಂದು ಆ ತುಪ್ಪಟಕ್ಕೆ ಸಿಗುವ ಬೆಲೆ ಕತ್ತರಿಸಿದ ಕೂಲಿಗೂ ಸಾಲದೆ, ಎಷ್ಟೋ ಕಡೆ ಅದನ್ನು ಬೇಲಿಯ ಬುಡಕ್ಕೆ ಎಸೆಯುತ್ತಾರೆ. ಕುರುಬರು ಉಣ್ಣೆ ಬಿಟ್ಟು ಮಾಂಸದ ಲೆಕ್ಕ ಹಿಡಿದು, ಉಣ್ಣೆ ಬಾರದ ತಳಿಗಳನ್ನು ಸಾಕುತ್ತಿದ್ದಾರೆ. ಸಭೆಗಳಲ್ಲಿ ಮಾತ್ರ ಮುಖಂಡರ ಹೆಗಲಿಗೆ ಕರಿಕಂಬಳಿ ಏರುತ್ತದೆ. ಫೋಟೋ ಆದ ಮೇಲೆ ಇಳಿಯುತ್ತದೆ.

ಬೆಂಗಳೂರಿಗೂ ಉಣ್ಣೆಯ ನಂಟು ಇಲ್ಲದಿಲ್ಲ. ಊರು ಆ 7.8 ಡಿಗ್ರಿಯಲ್ಲಿ ನಡುಗಿದ 1884ರಲ್ಲೇ ಇಲ್ಲಿ ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಹುಟ್ಟಿತು. ಹಳಬರು ಬಿನ್ನಿ ಮಿಲ್ ಎಂದೇ ಕರೆದದ್ದು ಇದನ್ನು. ಎರಡು ಮಹಾಯುದ್ಧಗಳಲ್ಲಿ ಸೈನ್ಯಕ್ಕೆ ಬಟ್ಟೆ ಒದಗಿಸಿದ ಗಿರಣಿ. ಅದು ಈಗ ಇಲ್ಲ. ಅದರ ನೆಲದಲ್ಲಿ ಬಹುಮಹಡಿ ಮನೆಗಳೆದ್ದಿವೆ. ಆ ಮನೆಗಳ ಬೀರುಗಳಲ್ಲಿ ಎಷ್ಟು ಅಕ್ರಿಲಿಕ್ ಸೆಟ್ಟುಗಳಿವೆಯೋ ನಾನರಿಯೆ.

ಹಾಗಾದರೆ ಕಂಬಳಿ ಹೊದ್ದು ಕಚೇರಿಗೆ ಹೋಗೋಣವೆ ಎಂದು ಕುಚೋದ್ಯ ಮಾಡುವವರಿದ್ದಾರೆ. ದಕ್ಖನಿ ಉಣ್ಣೆ ಒರಟು, ಬರಿಮೈಗೆ ಚುಚ್ಚುತ್ತದೆ, ನಿಜ. ನಯವಾದ ಉಡುಪಿನ ಉಣ್ಣೆಯನ್ನು ನಮ್ಮ ದೇಶ ಬಹುಮಟ್ಟಿಗೆ ಆಸ್ಟ್ರೇಲಿಯಾದಿಂದ ತರಿಸುತ್ತದೆ, ಅದೂ ನಿಜ. ಆದರೆ ಹತ್ತಿಯ ಅಸ್ತರಿ ಕೊಟ್ಟು ತೋಳಿಲ್ಲದ ಕೋಟು ಹೊಲಿಸಿದರೆ ಚುಚ್ಚುವುದೆಲ್ಲಿಂದ ಬಂತು? ಕೆಲವರು ಮಾಡಿ ತೋರಿಸಿದ್ದಾರೆ, ಕೊಳ್ಳುವವರಿಲ್ಲ. ಕಂಬಳಿಯಲ್ಲಿ ಉಣ್ಣುತ್ತಾ ಕೂದಲು ಆರಿಸುವ ನಾಜೂಕು ನಮ್ಮದು. ನೂಲು ಯಾವುದೆಂದು ಕೇಳದವರು ಬಣ್ಣ ಒಂದೆಳೆ ಹೆಚ್ಚುಕಡಿಮೆಯಾದರೆ ಅಂಗಡಿಗೆ ಹಿಂದಿರುಗಿ ಜಗಳವಾಡುತ್ತೇವೆ.

ಇನ್ನೊಂದು ಆಕ್ಷೇಪಣೆಗೆ ಉತ್ತರ ಬಾಕಿಯಿದೆ. ಕಚೇರಿಗಳಲ್ಲಿ ಯಂತ್ರದ ಥಂಡಿ ಹೊಡೆಯುತ್ತದೆ, ಬೇಸಗೆಯಲ್ಲೂ ನಡುಗುತ್ತೇವೆ, ನಮಗೆ ಉಣ್ಣೆ ಬೇಕೇ ಬೇಕು ಎನ್ನುತ್ತಾರೆ ದುಡಿಯುವ ಹೆಣ್ಣುಮಕ್ಕಳು. ಬೇಕು, ತಾಯಿ, ಯಾರು ಬೇಡವೆಂದರು? ಆದರೆ ಆ ಥಂಡಿ ಕಚೇರಿಯ ಬಾಗಿಲಲ್ಲಿ ಶುರುವಾಗಿ ಬಾಗಿಲಲ್ಲೇ ಮುಗಿಯುತ್ತದೆ. ಅದಕ್ಕೆ ಬೇಕಾದದ್ದು ಕುರ್ಚಿಯ ಬೆನ್ನಿಗೆ ನೇತುಹಾಕಿ ಬರಬಹುದಾದ ಒಂದು ಶಾಲು, ಒಂದು ಕಾರ್ಡಿಗನ್. ಯಾವ ಸೀರೆಯ ಮೇಲೂ, ಯಾವ ಕುರ್ತಾದ ಮೇಲೂ ಸಲ್ಲುವಂಥದು. ಕಂದೋ ಬೂದಿಯೋ, ಅಸಲು ಉಣ್ಣೆಯದು.

ಈಗಾಗಲೇ ಸೆಟ್ಟು ಕೊಂಡವರು ಎಸೆಯಬೇಕಾಗಿಲ್ಲ, ದುಡ್ಡು ಕೊಟ್ಟಾಗಿದೆ. ಜೋಡಿಯನ್ನು ಬೇರೆ ಮಾಡಿದರೆ ಸಾಕು. ಮೇಲಂಗಿಯನ್ನು ಹಳೆಯ ಹತ್ತಿಯ ಷರಾಯಿಯೊಂದಿಗೆ ಬೆಳಗಿನ ತಿರುಗಾಟಕ್ಕೆ ತೊಟ್ಟುಕೊಳ್ಳಲಿ. ಮೊಣಕಾಲಿನಲ್ಲಿ ಜೋಳಿಗೆ ಬಿದ್ದ ಕೆಳಗಿನದು ರಾತ್ರಿಯ ಹಾಸಿಗೆಗೆ ಆದೀತು; ಅಲ್ಲಿ ಫೋಟೋ ತೆಗೆಯುವವರು ಯಾರೂ ಇರುವುದಿಲ್ಲ. ಹೇಗೂ ಶಿವರಾತ್ರಿ ಬಂದರೆ ಚಳಿ ಶಿವ ಶಿವ ಎಂದು ಹೊರಟುಹೋಗುತ್ತದೆ. ಅದೇ ವಾರ ಅಂಗಡಿಯವರು ಈ ಸೆಟ್ಟುಗಳನ್ನು ಅರ್ಧ ಬೆಲೆಗೆ ಹೊರಗಿಟ್ಟಾಗ, ಕೈಗೆತ್ತಿಕೊಳ್ಳುವ ಮೊದಲು ಕುತ್ತಿಗೆಯ ಒಳಗಿನ ಆ ಪುಟ್ಟ ಚೀಟಿಯನ್ನು ಓದಿ. ಕನ್ನಡಕ ಮರೆತು ಹೋಗಬೇಡಿ. ಅಕ್ಷರ ಬಹಳ ಚಿಕ್ಕದು.