ಅವಳಿಗಳ ನಾಟಕಕ್ಕೆ ಅವಳಿ ಮುಖ ಬೇಕಿಲ್ಲ

ಸಂಪಾದಕರೇ,

ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ಒಂದೇ ಮುಖದ ನಟರಿಲ್ಲದೆ ನಿಲ್ಲದು, ಸಿನಿಮಾಕ್ಕಷ್ಟೇ ಲಾಯಕ್ಕು ಎಂದು ನಿಮ್ಮ ಲೇಖಕರು ತೀರ್ಪಿತ್ತಿದ್ದಾರೆ. ಬಯಲಾಟ ನೋಡಿ ಬೆಳೆದ ತೊಗರ್ಸಿ ಸೀಮೆಯವರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಮೀಸೆ ಬೋಳಿಸಿಕೊಂಡು ಬಂದ ಗಂಡಸನ್ನು ದ್ರೌಪದಿ ಎಂದು ಒಪ್ಪಿದವರು ನಾವು. ಒಂದೇ ಬಣ್ಣದ ರುಮಾಲು ಸುತ್ತಿದ ಇಬ್ಬರನ್ನು ಅವಳಿಗಳೆಂದು ಒಪ್ಪಲಾರೆವೇ?

ಯಾರು ಯಾರೆಂದು ಪ್ರೇಕ್ಷಕರಿಗೆ ಗೊತ್ತಿರಬೇಕು, ಪಾತ್ರಗಳಿಗೆ ಗೊತ್ತಿರಬಾರದು: ಈ ನಾಟಕದ ನಗೆ ಹುಟ್ಟುವುದೇ ಅಲ್ಲಿ. ಗಂಡ ಮನೆಯ ಹೊರಗೆ ಬಾಗಿಲು ಬಡಿಯುವಾಗ ಒಳಗೆ ಅವನ ಅವಳಿ ಸಹೋದರ ಊಟಕ್ಕೆ ಕೂತಿರುತ್ತಾನೆ. ನಟರ ಮುಖ ನಿಜಕ್ಕೂ ಒಂದೇ ಆದರೆ ನಾವೂ ಗೊಂದಲಕ್ಕೆ ಬಿದ್ದು ನಗುವುದನ್ನೇ ಮರೆತೇವು.

‘ಬರೀ ಹುಡುಗಾಟ’ ಎಂಬ ಅವರ ಮಾತೂ ನಿಲ್ಲದು. ನಾಟಕ ಶುರುವಾಗುವುದೇ ಮರಣದಂಡನೆಯಿಂದ: ಸಂಜೆಯೊಳಗೆ ಹಣ ಕಟ್ಟದಿದ್ದರೆ ಅವಳಿಗಳ ಮುದಿ ತಂದೆಯ ತಲೆ ಹೋಗುತ್ತದೆ. ಯಜಮಾನರ ತಪ್ಪು ತಿಳಿವಳಿಕೆಗೆ ಏಟು ತಿನ್ನುವವರು ಅವಳಿ ಆಳುಗಳು. ಇದರಲ್ಲಿ ಹುಡುಗಾಟ ಎಲ್ಲಿದೆ?

‘ಉಲ್ಟಾ ಪಲ್ಟಾ’ದಿಂದಲೇ ಈ ಕಥೆ ಕನ್ನಡಕ್ಕೆ ಬಂತೆನ್ನುವುದು ಇನ್ನೂ ದೊಡ್ಡ ತಪ್ಪು. ಎನ್.ಎಸ್. ಶಂಕರ್ ಅವರ ಆ ಚಿತ್ರ 1997ರದ್ದು. ಡೆಪ್ಯುಟಿ ಚನ್ನಬಸಪ್ಪನವರು 1871ರಲ್ಲೇ ‘ನಗದವರನ್ನು ನಗಿಸುವ ಕಥೆ’ ಎಂದು ಇದನ್ನು ಕನ್ನಡಕ್ಕೆ ತಂದಿದ್ದರು. ಶೇಕ್ಸ್‌ಪಿಯರ್ ಕೂಡ ರೋಮಿನ ನಾಟಕಕಾರ ಪ್ಲಾಟಸ್‌ನಿಂದ ಒಂದು ಜೋಡಿ ಅವಳಿಗಳನ್ನು ಕಡ ತಂದು, ಇನ್ನೊಂದು ಜೋಡಿಯನ್ನು ತಾನೇ ಸೇರಿಸಿದ. ಒಂದು ಜೋಡಿ ಅವಳಿಗಳನ್ನು ತೋರಿಸಲು ಸಿನಿಮಾಕ್ಕೆ ಒಬ್ಬ ನಟ, ಒಂದು ಕ್ಯಾಮೆರಾ ಸಾಕು. ರಂಗಕ್ಕೆ ನಂಬುವ ಪ್ರೇಕ್ಷಕರು ಬೇಕು. ಅವರಿಗೇನೂ ನಮ್ಮಲ್ಲಿ ಬರವಿಲ್ಲ.

— ಓದುಗ, ತೊಗರ್ಸಿ