ತೆಂಗಿನಕಾಯಿಗೆ ಸನ್‌ರೂಫ್ ಕಾಣಲ್ಲ

ನಮ್ಮ ಕಡೆ ಒಂದು ಮಾತಿದೆ. ತೆಂಗಿನಕಾಯಿಗೆ ಮೂರು ಕಣ್ಣು, ಅದು ನೋಡಿಕೊಂಡೇ ಬೀಳುತ್ತೆ, ಮನುಷ್ಯರ ತಲೆ ಮೇಲೆ ಬೀಳಲ್ಲ ಅಂತ. ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದೆ. ಈ ಯುಗಾದಿಗೆ ಗೊತ್ತಾಯ್ತು, ಆ ಮಾತು ಮನುಷ್ಯರಿಗೆ ಮಾತ್ರ ಅನ್ವಯ. ಕಾರಿನ ಸನ್‌ರೂಫಿಗೆ ಅಲ್ಲ.

ಹಬ್ಬಕ್ಕೆ ಅಂತ ಬೆಂಗಳೂರಿಂದ ತಿಪಟೂರಿಗೆ ಹೋಗಿದ್ವಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಲಕ್ಷುರಿ ಎಸ್‌ಯುವಿ ನಮ್ಮದು. ಆರು ವರ್ಷ ಹಳೆಯ ಗಾಡಿ. ಅದನ್ನ ತಗೊಂಡಿದ್ದೇ ಅರ್ಧ ಆ ಪ್ಯಾನೊರಾಮಿಕ್ ಸನ್‌ರೂಫಿಗೋಸ್ಕರ. ಮಗಳು ಹಿಂದಿನ ಸೀಟಲ್ಲಿ ಕೂತು ಮೋಡ ಎಣಿಸ್ತಾಳೆ ಅನ್ನೋ ಆಸೆ. ಅಂಗಳದಲ್ಲಿ ಗಾಡಿ ನಿಲ್ಲಿಸ್ತಿದ್ದ ಹಾಗೆ ಅಪ್ಪ ಹೊರಗೆ ಬಂದು, "ಬಿಸಿಲಲ್ಲಿ ಯಾಕಪ್ಪಾ, ಕಾದು ಕೆಂಡ ಆಗುತ್ತೆ. ಮರದ ನೆರಳಿಗೆ ಹಾಕು" ಅಂದರು. ಹಾಕಿದೆ.

ಬೆಳಗಿನ ಜಾವ ನಾಲ್ಕು ಗಂಟೆ ಇರಬಹುದು. ಧಡ್ ಅಂತ ಸದ್ದು, ಹಿಂದೆಯೇ ಅಕ್ಕಿ ಚೆಲ್ಲಿದ ಹಾಗೆ ಸರ್ರ್ ಅಂತ ಇನ್ನೊಂದು ಸದ್ದು. ಟಾರ್ಚ್ ಹಿಡಿದು ಹೋಗಿ ನೋಡಿದ್ರೆ ಮುಂದಿನ ಗಾಜು ಇರಲೇ ಇಲ್ಲ. ಅದಿದ್ದ ಜಾಗದಲ್ಲಿ, ಒಳಗಿನ ಬಟ್ಟೆಯ ಪರದೆ ಮೇಲೆ ಹರಳುಗಳ ರಾಶಿ. ರಾಶಿಯ ಮಧ್ಯೆ ಸಿಪ್ಪೆ ಸಮೇತ ಕಾಯಿ, ಗೂಡಲ್ಲಿ ಮೊಟ್ಟೆ ಇಟ್ಟ ಹಾಗೆ.

ಅಪ್ಪ ಹಿಂದೆ ಬಂದು ನಿಂತಿದ್ದರು. ಒಂದು ಮಾತೂ ಆಡಲಿಲ್ಲ.

ಮೊದಲ ಐದು ನಿಮಿಷದ ತಪ್ಪು

ಆಗ ನಾನು ಮಾಡಿದ ಕೆಲಸ ಹೇಳಿಬಿಡ್ತೀನಿ, ನೀವು ಮಾಡಬೇಡಿ. ಒಳಗೆ ಏನಾಗಿದೆ ನೋಡೋಣ ಅಂತ ಪರದೆ ತೆಗೆಯೋ ಬಟನ್ ಒತ್ತಿದೆ. ಪರದೆ ಒಂದು ಗೇಣು ಸರಿಯಿತು. ಅದರ ಮೇಲಿದ್ದ ಹರಳುಗಳಲ್ಲಿ ಅರ್ಧ ಸೀಟಿನ ಮೇಲೆ ಸುರಿದವು, ಉಳಿದವು ಎರಡೂ ಬದಿಯ ರೈಲಿನೊಳಗೆ ಇಳಿದವು. ಕರಕರ ಅಂತ ಸದ್ದು ಬಂದು ಮೋಟರ್ ನಿಂತಿತು. ಆ ಒಂದು ಬಟನ್ ಎಷ್ಟು ದುಬಾರಿ ಅಂತ ಆಮೇಲೆ ಗೊತ್ತಾಯ್ತು.

ಗಾಜು ಒಡೆದರೆ ಏನನ್ನೂ ಒತ್ತಬೇಡಿ. ಮೊದಲು ಫೋಟೊ ತೆಗೀರಿ. ಬಿದ್ದ ವಸ್ತು, ಒಡೆದ ಗಾಜು, ನಂಬರ್ ಪ್ಲೇಟ್ ಮೂರೂ ಕಾಣೋ ಹಾಗೆ ಒಂದು ಫೋಟೊ ಇರಲಿ. ಆಮೇಲೆ ಇನ್ಶೂರೆನ್ಸ್ ಕಂಪನಿಗೆ ಫೋನ್. ಸರ್ವೇಯರ್ ನೋಡೋ ತನಕ ರಿಪೇರಿ ಶುರು ಮಾಡಿಸಬೇಡಿ. ದಪ್ಪ ಪ್ಲಾಸ್ಟಿಕ್ ಶೀಟ್ ಮುಚ್ಚಿ, ಪೇಂಟಿಗೆ ಅಂಟು ಉಳಿಸದ ಮಾಸ್ಕಿಂಗ್ ಟೇಪ್ ಹಾಕಿ. ನಾನು ಹಾಗೇ ಮುಚ್ಚಿಕೊಂಡು ಐವತ್ತರ ಸ್ಪೀಡಲ್ಲಿ ಬೆಂಗಳೂರಿಗೆ ಬಂದೆ. ಅದಕ್ಕಿಂತ ಜೋರು ಹೋದರೆ ಗಾಳಿ ಶೀಟನ್ನ ಕಿತ್ತುಕೊಂಡು ಹೋಗುತ್ತೆ.

ಹೊರಡುವಾಗ ಅಪ್ಪ ಕೇಳಿದರು, "ಎಷ್ಟಾಗಬಹುದು?"

"ಏನಿಲ್ಲಪ್ಪಾ, ಇನ್ಶೂರೆನ್ಸ್ ಇದೆ. ಐದಾರು ಸಾವಿರ" ಅಂದೆ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೂ ಅದನ್ನೇ ಹೇಳ್ತಿದ್ದೆ ಅನ್ಸುತ್ತೆ.

ಒಂದೇ ಸಾಲಿನ ಎಸ್ಟಿಮೇಟ್

ಸರ್ವಿಸ್ ಸೆಂಟರ್ ಹೆಸರು ಇಲ್ಲಿ ಬೇಡ. ಎರಡು ದಿನ ಬಿಟ್ಟು ಎಸ್ಟಿಮೇಟ್ ಕಳಿಸಿದರು. "ಸನ್‌ರೂಫ್ ಅಸೆಂಬ್ಲಿ, 1. ಒಟ್ಟು ₹2,86,000." ಅಷ್ಟೇ, ಒಂದೇ ಸಾಲು. ಓದಿದ ಮೇಲೆ ಆಫೀಸ್ ಮೀಟಿಂಗಲ್ಲಿ ಯಾರು ಏನು ಮಾತಾಡಿದರೋ ನನಗೆ ನೆನಪಿಲ್ಲ.

ಮಾರನೇ ದಿನ ಹೋಗಿ ಕೇಳಿದೆ. ಒಡೆದಿರೋದು ಗಾಜು, ಅಸೆಂಬ್ಲಿ ಯಾಕೆ? ಅಡ್ವೈಸರ್ ಹೇಳಿದ್ದು: "ರೈಲಲ್ಲಿ ಗಾಜಿನ ಚೂರು ಹೋಗಿದೆ ಸರ್, ಪರದೆ ಜಾಮ್ ಆಗಿದೆ. ಫುಲ್ ಚೇಂಜ್ ಮಾಡಿದ್ರೆ ಟೆನ್ಷನ್ ಇರಲ್ಲ." ಟೆನ್ಷನ್ ಅವರಿಗೆ ಇರಲ್ಲ, ನಿಜ.

ಅಲ್ಲಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರು ಗಾಡಿ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಪ್ಯಾನೊರಾಮಿಕ್ ಅಂದರೆ ಒಂದೇ ದೊಡ್ಡ ಗಾಜು ಅಂದ್ಕೊಂಡಿದ್ದೆ. ಬಹಳಷ್ಟು ಗಾಡಿಗಳಲ್ಲಿ ಅದು ಎರಡು ತುಂಡು. ಮುಂದಿನದು ತೆರೆಯುವ ಗಾಜು, ಸ್ಕ್ರೂಗಳಲ್ಲಿ ಕೂತಿರುತ್ತೆ. ಹಿಂದಿನದು ಅಲುಗಾಡದ ಗಾಜು, ವಿಂಡ್‌ಶೀಲ್ಡ್ ಥರ ಅಂಟು ಹಾಕಿ ಕೂರಿಸಿರ್ತಾರೆ. ಎರಡರ ಕೆಳಗೆ ರೈಲು, ಕೇಬಲ್, ಮೋಟರ್, ನೀರು ಹರಿಯೋ ಕಾಲುವೆ ಎಲ್ಲ ಸೇರಿದ ಒಂದು ಚೌಕಟ್ಟು. ಆ ಚೌಕಟ್ಟು ಸಮೇತ ಬದಲಾಯಿಸೋದೇ ಅಸೆಂಬ್ಲಿ. ರೂಫಿನ ಒಳಗಿನ ಬಟ್ಟೆಯನ್ನೆಲ್ಲ ಇಳಿಸಬೇಕು, ದೊಡ್ಡ ಕೆಲಸ.

ಗಾಜಲ್ಲೂ ಎರಡು ಥರ. ಟೆಂಪರ್ಡ್ ಗಾಜಿನ ಹೊರಮೈಯನ್ನ ಬಿಗಿದು, ಒಳಗಡೆ ಎಳೆತ ಇರೋ ಹಾಗೆ ಮಾಡಿರ್ತಾರೆ. ಹಾಗಾಗಿ ಗಟ್ಟಿ. ಆದರೆ ಒಂದು ಕಡೆ ಬಿಟ್ಟುಕೊಟ್ಟರೆ ಪೂರ್ತಿ ಹರಳಾಗಿ ಉದುರುತ್ತೆ. ಲ್ಯಾಮಿನೇಟೆಡ್ ಅಂದರೆ ಎರಡು ಗಾಜಿನ ಮಧ್ಯೆ ಪ್ಲಾಸ್ಟಿಕ್ ಪದರ. ಅದು ಬಿರುಕು ಬಿಟ್ಟರೂ ಅಲ್ಲೇ ಕಚ್ಚಿಕೊಂಡಿರುತ್ತೆ. ನಿಮ್ಮದು ಯಾವುದು ಅಂತ ಗಾಜಿನ ಮೂಲೆಯ ಸಣ್ಣ ಅಚ್ಚಲ್ಲಿ ಬರೆದಿರುತ್ತೆ, ಒಮ್ಮೆ ನೋಡಿಟ್ಟುಕೊಳ್ಳಿ. ನಮ್ಮದು ಟೆಂಪರ್ಡ್. ಅದಕ್ಕೇ ಅಷ್ಟು ಹರಳು.

"ರೈಲು ಬಗ್ಗಿದ್ರೆ ಅಸೆಂಬ್ಲಿ ಬೇಕೇ ಬೇಕು ಸರ್" ಅಂದರು ಅವರು. "ಬಗ್ಗಿಲ್ಲ ಅಂದ್ರೆ ವ್ಯಾಕ್ಯೂಮ್ ಹಿಡಿದು ಹರಳು ತೆಗೀಬಹುದು. ಅರ್ಧ ದಿನದ ತಾಳ್ಮೆ ಬೇಕು ಅಷ್ಟೇ."

ಸರ್ವೇಯರ್ ಮುಂದೆಯೇ ರೈಲು ಪರೀಕ್ಷೆ ಆಗಲಿ, ಎಸ್ಟಿಮೇಟನ್ನ ಸಾಲುಸಾಲಾಗಿ ಬಿಡಿಸಿ ಕೊಡಿ ಅಂತ ಇಮೇಲ್ ಹಾಕಿದೆ. ಫೋನಲ್ಲ, ಇಮೇಲ್. ಪರೀಕ್ಷೆಯಲ್ಲಿ ರೈಲು ನೆಟ್ಟಗಿತ್ತು. ಹರಳು ತೆಗೆದ ಮೇಲೆ ಮೋಟರ್ ಓಡಿತು. ಹೊಸ ಎಸ್ಟಿಮೇಟ್ ಬಂತು: ಗಾಜು, ರಬ್ಬರ್ ಸೀಲ್, ಕ್ಲೀನಿಂಗ್, ಕೂಲಿ, ತೆರಿಗೆ ಎಲ್ಲ ಸೇರಿ ₹96,400.

ಊರಿಂದ ಬಂದ ಫೋನ್

ಅದೇ ಸಂಜೆ ಬ್ಯಾಂಕಿಂದ ಮೆಸೇಜ್. ನನ್ನ ಖಾತೆಗೆ ₹1,00,000 ಜಮಾ. ಕಳಿಸಿದವರು ಅಪ್ಪ.

ಹಿಂದೆಯೇ ಅಮ್ಮನ ಫೋನ್. ನನ್ನ ಹೆಂಡತಿ ಮಾತಿಗೆ ಮಾತು ಬಂದು 2,86,000ದ ಸುದ್ದಿ ಅಮ್ಮನಿಗೆ ಹೇಳಿದ್ದಳು. ಅಮ್ಮ ಅಪ್ಪನಿಗೆ ಹೇಳಿದ್ದರು. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸಿದ್ದರು. ಅದಕ್ಕಿಂತ ಹೆಚ್ಚಾಗಿ, ಭಾನುವಾರ ಮರ ಕಡಿಯೋಕೆ ಆಳಿಗೆ ಹೇಳಿ ಬಂದಿದ್ದರು.

"ಊಟ ಸರಿಯಾಗಿ ಮಾಡ್ತಿಲ್ಲ ಕಣೋ" ಅಂದರು ಅಮ್ಮ. "ನೆರಳಿಗೆ ಹಾಕು ಅಂದಿದ್ದು ನಾನು, ನಾನು ಅಂತಲೇ ಇರ್ತಾರೆ."

ಆ ಮರಕ್ಕೆ ನನ್ನಷ್ಟೇ ವಯಸ್ಸು. ನಾನು ಹುಟ್ಟಿದ ವರ್ಷ ಅಜ್ಜಿ ನೆಟ್ಟ ಸಸಿ. ಅದರ ಕಾಯಿ ಅಟ್ಟದಲ್ಲಿ ಒಣಗಿ ಕೊಬ್ಬರಿ ಆಗಿ, ನನ್ನ ಕಾಲೇಜು ಫೀಸಿಗೂ ಒಂದಷ್ಟು ಆಗಿದೆ.

ಒಂದೇ ಸಾಲಿನ ಎಸ್ಟಿಮೇಟ್ ಕಳಿಸಿದರು ಅಂತ ಸರ್ವಿಸ್ ಸೆಂಟರ್ ಮೇಲೆ ನನಗೆ ಸಿಟ್ಟು ಬಂದಿತ್ತು. ಅಪ್ಪನಿಗೆ ನಾನು ಕೊಟ್ಟಿದ್ದೂ ಒಂದೇ ಸಾಲು, ಅದೂ ಸುಳ್ಳು.

ಶನಿವಾರ ಎಲ್ಲ ಕಾಗದ ತಗೊಂಡು ರೈಲು ಹತ್ತಿದೆ.

ಅಪ್ಪ ಹಾಕಿದ ಲೆಕ್ಕ

ಜಗುಲಿ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದೆ. ಅಸೆಂಬ್ಲಿ ಬೇಡ ಅಂತಾಗಿದೆ, ಈಗ 96,400. ಇನ್ಶೂರೆನ್ಸ್‌ನಲ್ಲಿ ಗಾಜಿಗೆ ಡಿಪ್ರಿಸಿಯೇಷನ್ ಇಲ್ಲ, ಪೂರ್ತಿ ಕೊಡ್ತಾರೆ. ರಬ್ಬರ್, ಪ್ಲಾಸ್ಟಿಕ್‌ಗೆ ಅರ್ಧ ಕಳೀತಾರೆ. ಆರು ವರ್ಷದ ಗಾಡಿ ಆದ್ದರಿಂದ ಲೋಹದ ಭಾಗಕ್ಕೆ ಶೇ. 40 ಕಳೀತಾರೆ. ನನ್ನ ಹತ್ತಿರ ಜೀರೊ ಡಿಪ್ರಿಸಿಯೇಷನ್ ಕವರ್ ಇಲ್ಲ. ಅಸೆಂಬ್ಲಿಯೇ ಹಾಕಿಸಿದ್ದರೆ ನನ್ನ ಪಾಲೇ ₹80,000 ದಾಟುತ್ತಿತ್ತು. ಬರೀ ಗಾಜಾದರೆ ಅರ್ಧ ಸೀಲಿನ ದುಡ್ಡು, ಅಂಟು ಗಿಂಟು, ಜೊತೆಗೆ 1500 ಸಿಸಿ ಮೇಲಿನ ಕಾರಿಗೆ ಕಡ್ಡಾಯವಾಗಿ ನಾವೇ ಕೊಡಬೇಕಾದ ₹2,000. ಒಟ್ಟು 6,400 ಆಗಬಹುದು.

"ಮತ್ತೆ ನೋ ಕ್ಲೈಮ್ ಬೋನಸ್?" ಕೇಳಿದರು ಅಪ್ಪ. ಮೇಷ್ಟ್ರು, ಅದೂ ಗಣಿತದ ಮೇಷ್ಟ್ರು.

"ಹೋಗುತ್ತೆ. ಈಗ ಶೇ. 35 ಇದೆ. ನಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ಸುಮಾರು 30,000. ಹತ್ತು ಸಾವಿರ ಚಿಲ್ಲರೆ ಲಾಸ್."

"ನಿನ್ನ ಲೆಕ್ಕ ತಪ್ಪು" ಅಂದರು. ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಪೆನ್ಸಿಲ್ ತಗೊಂಡರು. ಸ್ಲ್ಯಾಬ್ ಹೇಳು ಅಂದರು. ಹೇಳಿದೆ: ಕ್ಲೈಮ್ ಇಲ್ಲದ ಮೊದಲ ವರ್ಷಕ್ಕೆ 20, ಆಮೇಲೆ 25, 35, 45, ಕೊನೆಗೆ 50.

"ಕ್ಲೈಮ್ ಮಾಡದೇ ಇದ್ದಿದ್ರೆ ಮುಂದಿನ ವರ್ಷ ನಿನಗೆ 45 ಸಿಗ್ತಿತ್ತು, ಈಗ ಸೊನ್ನೆ. ನಷ್ಟ 45. ಅದರ ಮುಂದಿನ ವರ್ಷ 50 ಸಿಗೋ ಕಡೆ 20. ನಷ್ಟ 30. ಆಮೇಲೆ 25, 15, 5." ಕೂಡಿದರು. "ಐದು ವರ್ಷಕ್ಕೆ ಒಟ್ಟು ಶೇ. 120. ನಿನ್ನ ಮೂವತ್ತು ಸಾವಿರಕ್ಕೆ ಮೂವತ್ತಾರು ಸಾವಿರ. ಪ್ರೀಮಿಯಂ ಇಳೀತಾ ಹೋದರೆ ಒಂಚೂರು ಕಮ್ಮಿ."

ನಾನು ಇಷ್ಟು ವರ್ಷ ಗಾಡಿ ಓಡಿಸಿ ಯೋಚಿಸದ ಲೆಕ್ಕ. ಕ್ಲೈಮ್ ಯಾವತ್ತೂ ಉಚಿತ ಅಲ್ಲ. ನಮ್ಮ ಕೇಸಲ್ಲಿ 36,000 ಪ್ಲಸ್ 6,400, ಅಂದರೆ 42,400. ಕೈಯಿಂದ ಕೊಟ್ಟರೆ 96,400. ಕ್ಲೈಮ್ ಮಾಡೋದೇ ಸರಿ. ಅದೇ ಡ್ಯಾಮೇಜ್ ಇಪ್ಪತ್ತು ಸಾವಿರದ್ದಾಗಿದ್ರೆ ಕೈಯಿಂದ ಕೊಡೋದೇ ಸರಿ. ಎನ್‌ಸಿಬಿ ಪ್ರೊಟೆಕ್ಟ್ ಅಂತ ಒಂದು ಆಡ್-ಆನ್ ಇದೆ. ರಿನ್ಯೂವಲ್ ಟೈಮಲ್ಲಿ ಅದರ ಬೆಲೆಯನ್ನ ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಲೆಕ್ಕ ಮುಗಿಸಿ ಅಪ್ಪ ಪೆನ್ಸಿಲ್ ಕೆಳಗಿಟ್ಟರು. ಐದು ದಿನದಲ್ಲಿ ಮೊದಲ ಸಲ ಅಮ್ಮನ್ನ ಕಾಫಿ ಕೇಳಿದರು.

"ಐದಾರು ಸಾವಿರ ಅಂತ ಯಾಕೋ ಹೇಳಿದೆ?"

"ನೀವು ಬೇಜಾರು ಮಾಡ್ಕೋತೀರ ಅಂತ."

"ನಂಬರ್ ಗೊತ್ತಿದ್ರೆ ಲೆಕ್ಕ ಹಾಕ್ತಿದ್ದೆ. ಗೊತ್ತಿಲ್ಲದೆ ಇದ್ದಿದ್ದಕ್ಕೇ ಬೇಜಾರು ಆಗಿದ್ದು."

ಮರ ಕಡಿಯೋಕೆ ಬರಬೇಕಿದ್ದವನಿಗೆ ನನ್ನೆದುರೇ ಫೋನ್ ಮಾಡಿ, ಹತ್ತಿ ಕಾಯಿ ಕೀಳಿಸಿ ಹೋಗಪ್ಪಾ ಸಾಕು ಅಂದರು.

ಡೆಲಿವರಿ ದಿನ ನೋಡಬೇಕಾದ್ದು

ಗಾಜು ಬರೋಕೆ ಮೂರು ವಾರ ಹಿಡಿಯಿತು. ಹೊರಗಡೆ ಕಮ್ಮಿಗೆ ಹಾಕಿಕೊಡ್ತೀವಿ ಅಂದವರೂ ಇದ್ದರು. ಸನ್‌ರೂಫ್ ಗಾಜಿನ ಬಾಗು, ದಪ್ಪ ಸ್ವಲ್ಪ ಬೇರೆ ಆದರೂ ನೀರು ಸೋರುತ್ತೆ, ಗಾಳಿ ಸದ್ದು ಮಾಡುತ್ತೆ. ಕಾದೆ.

ಗಾಡಿ ತಗೊಳ್ಳೋ ದಿನ ಅವಸರ ಮಾಡಬೇಡಿ. ಬೆರಳಲ್ಲಿ ಅಂಚು ಸವರಿ ನೋಡಿ. ಸಾಮಾನ್ಯವಾಗಿ ಮುಂದಿನ ಅಂಚು ರೂಫಿಗಿಂತ ಕೂದಲೆಳೆಯಷ್ಟು ಕೆಳಗೆ, ಹಿಂದಿನ ಅಂಚು ಕೂದಲೆಳೆಯಷ್ಟು ಮೇಲೆ ಇರಬೇಕು. ಒಂದು ಕಾಗದದ ಚೂರು ಇಟ್ಟು ಗಾಜು ಮುಚ್ಚಿ ಎಳೀರಿ. ಸುತ್ತಲೂ ಒಂದೇ ಥರ ಬಿಗಿ ಇರಬೇಕು. ಗಾಜು ತೆರೆದು ಮೂಲೆಯ ಕಾಲುವೆಗೆ ಒಂದು ಲೋಟ ನೀರು ನಿಧಾನವಾಗಿ ಹಾಕಿ. ಗಾಡಿ ಕೆಳಗೆ ನೀರು ಬರಬೇಕು, ಒಳಗಿನ ಕಾರ್ಪೆಟ್‌ಗಲ್ಲ. ಒಂದೇ ಒಂದು ಹರಳು ಆ ಪೈಪಲ್ಲಿ ಸಿಕ್ಕಿಕೊಂಡಿದ್ದರೂ ಮಳೆಗಾಲದಲ್ಲಿ ಗೊತ್ತಾಗುತ್ತೆ. ಇನ್ನು ಮೋಟರಿಗೆ ಹೊಸ ಗಾಜಿನ ಅಳತೆ ಕಲಿಸಬೇಕು. ಅದು ಆಗದಿದ್ದರೆ ಮುಚ್ಚುವಾಗ ಕೈ ಸಿಕ್ಕರೆ ವಾಪಸ್ ಹೋಗೋ ಸುರಕ್ಷತೆ ಸರಿಯಾಗಿ ಕೆಲಸ ಮಾಡಲ್ಲ. ಮನೇಲಿ ಮಕ್ಕಳಿದ್ದರೆ ಇದನ್ನ ಕೇಳಿ ಖಚಿತ ಮಾಡ್ಕೊಳ್ಳಿ.

ಆ ವಾರವೇ ಊರಿಗೆ ಹೋದೆ. ಎಫ್‌ಡಿ ದುಡ್ಡು ಅಪ್ಪನ ಖಾತೆಗೆ ವಾಪಸ್ ಹಾಕಿದ್ದೆ. ಬಿಲ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದಿದರು. ನನ್ನ ಪಾಲು ₹6,400, ಹೇಳಿದಷ್ಟೇ. ಒಳಗೆ ಹೋಗಿ ಅಷ್ಟನ್ನೂ ಎಣಿಸಿ ತಂದು ಕೈಗಿಟ್ಟರು. "ಇಷ್ಟು ನನ್ನದು. ನೆರಳಿಗೆ ಹಾಕು ಅಂದಿದ್ದು ನಾನು."

ಬೇಡ ಅನ್ನೋಕೆ ಬಾಯಿ ತೆರೆದೆ. ಅವರ ಮುಖ ನೋಡಿ ತಗೊಂಡೆ.

ಈಗ ಊರಿಗೆ ಹೋದರೆ ಗಾಡಿ ಅಂಗಳದ ಮಧ್ಯೆ, ಸುಡುಬಿಸಿಲಲ್ಲಿ ನಿಲ್ಲುತ್ತೆ. ಮೇಲೆ ಹಳೇ ಜಮಖಾನ ಹೊದಿಸೋದು ಅಪ್ಪನೇ. ಮಗಳು ಒಳಗೆ ಕೂತಿದ್ದರೆ ಜಮಖಾನದ ಮುಂದಿನ ತುದಿ ಒಂಚೂರು ಮಡಚಿ ಬಿಡ್ತಾರೆ, ಅವಳಿಗೆ ಮೋಡ ಕಾಣಲಿ ಅಂತ.